ಮೂವತ್ತೈದಕ್ಕೆ ಪಾಸು, ಆದ್ರೆ ಕನ್ನಡದಲ್ಲಿ ನೋಡಿರಬೇಕು

ತಮಿಳಿನಲ್ಲಿ ನೋಡಿದ ಕನ್ನಡ ಸಿನಿಮಾಕ್ಕೆ ಮಾರ್ಕ್ಸ್ ಹಾಕುವ ಹಾಗಿಲ್ಲ. ನಮ್ಮ ಗುಂಪಿನ ನಾಲ್ಕನೇ ನಿಯಮ ಇದು. ಮೊದಲ ಮೂರರ ಬಗ್ಗೆ ಇದುವರೆಗೆ ಯಾರೂ ತಕರಾರು ಎತ್ತಿಲ್ಲ. ಸಿನಿಮಾ ಪೂರ್ತಿ ನೋಡಿರಬೇಕು, ಅದು ಆ ವರ್ಷವೇ ಥಿಯೇಟರಿಗೆ ಬಂದಿರಬೇಕು, ಮಾರ್ಕ್ಸನ್ನು ಚೀಟಿಯಲ್ಲಿ ಬರೆದು ಮಡಚಿ ಕೊಡಬೇಕು (ಪಕ್ಕದವರ ಚೀಟಿ ಇಣುಕಬಾರದು, ಇದು ವಿಶೇಷವಾಗಿ ನಮ್ಮ ರಾಯರಿಗೆ). ಜಗಳ ಆಗೋದೆಲ್ಲ ಈ ನಾಲ್ಕನೆಯದರ ಮೇಲೆ. ಈ ಸಲವಂತೂ ಮಾಡಿಟ್ಟ ಕಾಫಿ ಎರಡು ಸಲ ಆರಿಹೋಯ್ತು.

ಗುಂಪು ಅಂದ್ರೆ ದೊಡ್ಡ ಸಂಘ ಗಿಂಘ ಏನಲ್ಲ. ಏಳು ಜನ. ಬ್ಯಾಂಕಿನಿಂದ ರಿಟೈರಾದ ರಾಯರು, ಕುಂದಾಪುರ ಕಡೆಯ ಹೋಟೆಲಿನ ಶೆಟ್ರು, ಧಾರವಾಡದ ಡಾಕ್ಟರಮ್ಮ, ಕಾಲೇಜಿನಲ್ಲಿ ಫಿಸಿಕ್ಸ್ ಹೇಳುವ ಮೇಷ್ಟ್ರು, ಓಎಂಆರ್‌ನಲ್ಲಿ ಸಾಫ್ಟ್‌ವೇರ್ ಕೆಲಸದ ಹೊಸೂರಿನ ಹುಡುಗ, ನಮ್ಮನೆಯವಳು, ನಾನು. ಸೇರೋದು ನುಂಗಂಬಾಕ್ಕಂನ ನಮ್ಮ ಫ್ಲಾಟಿನಲ್ಲಿ. ಎಲ್ಲರಿಗೂ ಮಧ್ಯ ಆಗುತ್ತೆ ಅನ್ನೋದು ಒಂದು ಕಾರಣ, ನಮ್ಮನೆಯವಳ ಅಕ್ಕಿರೊಟ್ಟಿ ಇನ್ನೊಂದು.

ಮಾರ್ಕ್ಸ್ ಹಾಕೋದು ಹಳೇ ಎಸ್ಸೆಸ್ಸೆಲ್ಸಿ ಪದ್ಧತಿಯಲ್ಲಿ. ನೂರಕ್ಕೆ ಮೂವತ್ತೈದು ಪಾಸು, ಅರವತ್ತು ದಾಟಿದರೆ ಫಸ್ಟ್ ಕ್ಲಾಸು, ಎಂಬತ್ತೈದಕ್ಕೆ ಡಿಸ್ಟಿಂಕ್ಷನ್. ನಕ್ಷತ್ರ ಎಣಿಸೋದು ನಮಗೆ ಒಗ್ಗಲಿಲ್ಲ. ಮೂರೂವರೆ ಸ್ಟಾರ್ ಅಂದ್ರೆ ಏನು ಅಂತ ನನಗೆ ಇವತ್ತಿಗೂ ಅರ್ಥವಾಗಿಲ್ಲ, ಆದ್ರೆ ಐವತ್ತೆಂಟು ಅಂದ್ರೆ ಏನು ಅಂತ ನಮ್ಮ ಕಾಲದವರಿಗೆ ಹೊಟ್ಟೆಯಲ್ಲೇ ಗೊತ್ತಾಗುತ್ತೆ. ಫಸ್ಟ್ ಕ್ಲಾಸು ಕೈಗೆ ಸಿಕ್ಕಿ ಜಾರಿತು ಅಂತ.

ಇದರ ಜೊತೆಗೆ ಮರುಮೌಲ್ಯಮಾಪನ ಬೇರೆ ಇದೆ. ಒಂದು ವರ್ಷದ ಪಟ್ಟಿಯನ್ನು ಒಂದಷ್ಟು ಕಾಲ ಆರಲು ಬಿಟ್ಟು ಮತ್ತೆ ತೆಗೆದು ನೋಡ್ತೀವಿ. ಯಾಕಂದ್ರೆ ಡಿಸೆಂಬರ್ ಕೊನೆಯಲ್ಲಿ ಕೂತು ಹಾಕಿದ ಮಾರ್ಕ್ಸಿನಲ್ಲಿ ಡಿಸೆಂಬರಿನ ಸಿನಿಮಾಗಳಿಗೆ ಯಾವಾಗಲೂ ಹತ್ತು ಜಾಸ್ತಿ ಬಿದ್ದಿರುತ್ತೆ, ಫೆಬ್ರವರಿಯದ್ದು ಪಾಪ ಮರೆತುಹೋಗಿರುತ್ತೆ. 2022ರಲ್ಲಿ ಹಾಗೇ ಆಗಿತ್ತು. ಡಿಸೆಂಬರ್ 23ಕ್ಕೆ ಬಂದ ಶಿವಣ್ಣನ 125ನೇ ಚಿತ್ರ ‘ವೇದ’ದ ಬಿಸಿ ಇನ್ನೂ ಆರಿರಲಿಲ್ಲ, ಫೆಬ್ರವರಿಯ ‘ಲವ್ ಮಾಕ್‌ಟೇಲ್ 2’ ಯಾರ ನೆನಪಿನಲ್ಲೂ ಇರಲಿಲ್ಲ. ಈ ಸಲ ಮರುಮೌಲ್ಯಮಾಪನಕ್ಕೆ ತಗೊಂಡದ್ದು ಅದೇ 2022.

ಎಂಥಾ ವರ್ಷ ಕಣ್ರೀ ಅದು! ಏಪ್ರಿಲ್ 14ಕ್ಕೆ ‘ಕೆಜಿಎಫ್ 2’, ಜೂನ್ 10ಕ್ಕೆ ‘777 ಚಾರ್ಲಿ’, ಜುಲೈ 28ಕ್ಕೆ ‘ವಿಕ್ರಾಂತ್ ರೋಣ’, ಸೆಪ್ಟೆಂಬರ್ 30ಕ್ಕೆ ‘ಕಾಂತಾರ’. ನಾನು ಈ ಊರಿಗೆ ಬಂದದ್ದು 1989ರಲ್ಲಿ. ಅವತ್ತಿನಿಂದ 2018ರ ಮೊದಲ ‘ಕೆಜಿಎಫ್’ ತನಕ ಆಫೀಸಿನಲ್ಲಿ ಒಬ್ಬ ತಮಿಳು ಸಹೋದ್ಯೋಗಿಯೂ ನನ್ನ ಹತ್ತಿರ ಕನ್ನಡ ಸಿನಿಮಾದ ಸುದ್ದಿ ತಾನಾಗಿ ಎತ್ತಿದ್ದಿಲ್ಲ. ಎತ್ತಿದರೂ ‘ನಿಮ್ಮ ರಾಜ್‌ಕುಮಾರ್’ ಅಂತ ಒಂದು ಮಾತು, ಅಷ್ಟೇ. 2022ರಲ್ಲಿ ಲಿಫ್ಟಿನಲ್ಲಿ ನಿಂತವರೆಲ್ಲ ನನ್ನ ಹತ್ತಿರ ಕನ್ನಡ ಸಿನಿಮಾ ಮಾತಾಡಿದರು.

ಆ ವರ್ಷದ ಇನ್ನೊಂದು ವಿಚಿತ್ರ ಬಹಳ ಜನರ ಗಮನಕ್ಕೆ ಬಂದಿಲ್ಲ ಅಂತ ನನ್ನ ಅನುಮಾನ. ರಾಷ್ಟ್ರಪ್ರಶಸ್ತಿಯಲ್ಲಿ 2020ರ ಅತ್ಯುತ್ತಮ ಕನ್ನಡ ಚಿತ್ರ ‘ಡೊಳ್ಳು’. 2021ರದ್ದು ‘777 ಚಾರ್ಲಿ’. 2022ರದ್ದು ‘ಕೆಜಿಎಫ್ 2’. ಆದರೆ ಥಿಯೇಟರಿಗೆ? ‘ಡೊಳ್ಳು’ ಬಂದದ್ದು 2022ರ ಆಗಸ್ಟ್ 26ಕ್ಕೆ! ಅಂದ್ರೆ ಸರ್ಕಾರದ ಲೆಕ್ಕದಲ್ಲಿ ಮೂರು ವರ್ಷಗಳ ಮೂರು ಅತ್ಯುತ್ತಮ ಚಿತ್ರಗಳು ನಮ್ಮಂಥ ಟಿಕೆಟ್ ತಗೊಂಡು ನೋಡುವವರ ಲೆಕ್ಕದಲ್ಲಿ ಒಂದೇ ವರ್ಷದವು. ರಾಷ್ಟ್ರಪ್ರಶಸ್ತಿಗೆ ಸೆನ್ಸಾರ್ ಸರ್ಟಿಫಿಕೇಟಿನ ತಾರೀಖು ಮುಖ್ಯ, ಬಿಡುಗಡೆಯ ತಾರೀಖಲ್ಲ. ಕೊರೋನಾ ಕಾಲದಲ್ಲಿ ಸರ್ಟಿಫಿಕೇಟ್ ಪಡೆದು ಡಬ್ಬಿಯಲ್ಲಿ ಕಾಯುತ್ತಿದ್ದ ಚಿತ್ರಗಳೆಲ್ಲ 2022ರಲ್ಲಿ ಒಟ್ಟಿಗೆ ಹೊರಗೆ ಬಿದ್ದವು.

ಸರ್ಟಿಫಿಕೇಟ್ ಅಂದಾಗ ಒಂದು ಮಾತು. ನಮ್ಮ ಮನೆಯಿಂದ ಹ್ಯಾಡೋಸ್ ರೋಡಿನ ಶಾಸ್ತ್ರಿ ಭವನಕ್ಕೆ ನಡೆದೇ ಹೋಗಬಹುದು. ಸೆನ್ಸಾರ್ ಮಂಡಳಿಯ ಚೆನ್ನೈ ಕಚೇರಿ ಅಂತ ನಮಗೆ ಗೊತ್ತಿರೋದು ಅದೇ ವಿಳಾಸ. ಬೆಂಗಳೂರಿಗೆ ಸ್ವಂತ ಸೆನ್ಸಾರ್ ಕಚೇರಿ ಬರುವ ಮುಂಚೆ ಕನ್ನಡ ಚಿತ್ರಗಳು ಮುದ್ರೆ ಹಾಕಿಸಿಕೊಳ್ಳಲು ಈ ಮದರಾಸಿಗೇ ಬರಬೇಕಿತ್ತು. ಮುದ್ರೆಗೆ ಮಾತ್ರವಲ್ಲ, ಹುಟ್ಟೋಕ್ಕೂ ಇಲ್ಲೇ. ನುಂಗಂಬಾಕ್ಕಂನ ಅಂಚಿನಲ್ಲಿದ್ದ ವಾಸನ್ ಅವರ ಜೆಮಿನಿ ಸ್ಟುಡಿಯೋ ಜಾಗದಲ್ಲಿ ಈಗ ಹೋಟೆಲು, ಹೆಸರು ಉಳಿದಿರೋದು ಮೇಲ್ಸೇತುವೆಗೆ. 1954ರ ‘ಬೇಡರ ಕಣ್ಣಪ್ಪ’ ಬಂದದ್ದು ಎವಿಎಂ ನೆರವಿನಿಂದ. ಇಂಥ ಊರಲ್ಲಿ ಕೂತು ಕನ್ನಡ ಸಿನಿಮಾಕ್ಕೆ ಮಾರ್ಕ್ಸ್ ಹಾಕೋದರಲ್ಲಿ ತಪ್ಪೇನಿಲ್ಲ ಅಂತ ನಾನು ಧೈರ್ಯವಾಗಿ ಹೇಳ್ತೀನಿ.

ಸರಿ, ಜಗಳಕ್ಕೆ ಬರೋಣ. ಶುರು ಮಾಡಿದ್ದು ಹೊಸೂರಿನ ಹುಡುಗ. ‘ಕೆಜಿಎಫ್ 2’ಕ್ಕೆ ಅವನ ಚೀಟಿ ತಗೊಳ್ಳಲಿಲ್ಲ ಅಂತ. ಅವನು ಅದನ್ನು ಥಿಯೇಟರಿನಲ್ಲಿ ನೋಡಿದ್ದು ತಮಿಳಿನಲ್ಲಿ. ಅದಕ್ಕೂ ಕಾರಣ ಇತ್ತು. ವಿಜಯ್ ಅವರ ‘ಬೀಸ್ಟ್’ ಬಂದದ್ದು ಅದರ ಹಿಂದಿನ ದಿನ, ಏಪ್ರಿಲ್ 13ಕ್ಕೆ. ಊರಿನ ತೆರೆಗಳೆಲ್ಲ ಅದಕ್ಕೇ ಬುಕ್ಕಾಗಿದ್ದವು. ‘ಕೆಜಿಎಫ್ 2’ ಬೇಗ ಜಾಗ ಮಾಡಿಕೊಂಡಿತು ನಿಜ, ಆದರೆ ಹೆಚ್ಚಿದ ಆಟಗಳೆಲ್ಲ ತಮಿಳಿನವು. ಕನ್ನಡದ ಆಟ ಇದ್ದದ್ದು ದೂರದಲ್ಲಿ, ಅದೂ ರಾತ್ರಿ ಹತ್ತೂವರೆ ಮೇಲೆ.

“ಸಾರ್, ನಂಗೆ ಕನ್ನಡ ಓದಕ್ಕೆ ಬರಲ್ಲ,” ಅಂದ ಅವನು. “ಓದಿದ್ದೆಲ್ಲ ತಮಿಳು ಮೀಡಿಯಂ. ಮನೇಲಿ ಅಮ್ಮನ ಜೊತೆ ಮಾತಾಡೋದು ಕನ್ನಡ. ಟೈಟಲ್ ಕಾರ್ಡ್ ಬಂದ್ರೆ ನಾನು ಪಕ್ಕದೋರನ್ನ ಕೇಳ್ಬೇಕು. ತಮಿಳಲ್ಲಿ ನೋಡಿದ್ರೆ ನಾನು ನಿಮಗಿಂತ ಕಮ್ಮಿ ಕನ್ನಡದೋನಾ?”

ಯಾರೂ ತಕ್ಷಣ ಮಾತಾಡಲಿಲ್ಲ. ಹೊಸೂರು, ತಾಳವಾಡಿ ಕಡೆಯವರು ಕೇಳುವ ಈ ಪ್ರಶ್ನೆಗೆ ಬೆಂಗಳೂರಿನಿಂದ ಬಂದ ನಮ್ಮಂಥವರು ಜಾರಿಕೊಳ್ಳೋದೇ ಹೆಚ್ಚು. ನಾವು ಕನ್ನಡವನ್ನು ಊರಿನಿಂದ ತಂದವರು, ಅವರು ಇದ್ದಲ್ಲೇ ಉಳಿಸಿಕೊಂಡವರು. ಇವೆರಡೂ ಒಂದೇ ತೂಕದ ಕೆಲಸ ಅಲ್ಲ ಅನ್ನೋದು ನನಗೆ ಗೊತ್ತಿದೆ. ಅದಕ್ಕೇ ನಾನು ಹೇಳಿದ್ದಿಷ್ಟೆ. ಮಾರ್ಕ್ಸ್ ಹಾಕ್ತಿರೋದು ನಿನಗಲ್ಲಪ್ಪ, ಸಿನಿಮಾಕ್ಕೆ. ನೀನು ನೋಡಿದ್ದು ಬೇರೆ ಉತ್ತರಪತ್ರಿಕೆ.

ರಾಯರು ಹುಡುಗನ ಪರ ನಿಂತರು. ಅವರ ವಾದ ಗಟ್ಟಿಯಾಗೇ ಇತ್ತು. “ರಾಜಣ್ಣನ ಹಾಡು ಹಾಡಿದ್ದು ಯಾರ್ರೀ? ಪಿ.ಬಿ. ಶ್ರೀನಿವಾಸ್. ತೆಲುಗಿನವರು. 1974ರ ‘ಸಂಪತ್ತಿಗೆ ಸವಾಲ್’ ತನಕ ಬಹುಪಾಲು ಅವರದ್ದೇ ಕಂಠ. ಅದನ್ನ ನೀವು ಡಬ್ಬಿಂಗ್ ಅಂದ್ರಾ? ಆಮೇಲೆ ಬೇರೆ ಹೀರೋಗಳಿಗೆಲ್ಲ ಎಸ್ಪಿಬಿ. ಅವರೂ ತೆಲುಗಿನವರು. ನಮ್ಮ ಎಷ್ಟು ಜನ ನಾಯಕಿಯರು ಸ್ವಂತ ದನಿಯಲ್ಲಿ ಮಾತಾಡಿದ್ದಾರೆ ಹೇಳಿ ನೋಡೋಣ!”

ಪಿಬಿಎಸ್ ಹೆಸರು ಬಂದರೆ ನಮ್ಮಲ್ಲಿ ಮಾತು ಹತ್ತು ನಿಮಿಷ ದಾರಿ ತಪ್ಪೋದು ಗ್ಯಾರಂಟಿ. ಜೆಮಿನಿ ಹತ್ತಿರದ ವುಡ್‌ಲ್ಯಾಂಡ್ಸ್ ಡ್ರೈವ್ ಇನ್‌ನಲ್ಲಿ, ಜೇಬಿನ ತುಂಬ ಬಣ್ಣಬಣ್ಣದ ಪೆನ್ನು ಸಿಕ್ಕಿಸಿಕೊಂಡು, ಕೂತು ಬರೆಯುತ್ತಿದ್ದವರನ್ನು ನೋಡಿದ ಭಾಗ್ಯ ನನಗೂ ರಾಯರಿಗೂ ಇದೆ. ಉಡುಪಿ ಕಡೆಯವರು ಕಟ್ಟಿದ ಹೋಟೆಲು, ತೆಲುಗು ಗಾಯಕರು, ಅವರನ್ನು ದೂರದಿಂದ ನೋಡಿ ಖುಷಿಪಡುತ್ತಿದ್ದ ನಾವು ಕನ್ನಡದವರು. 2008ರಲ್ಲಿ ಅದು ಮುಚ್ಚಿತು, ಈಗ ಅಲ್ಲಿ ಸೆಮ್ಮೊಳಿ ಪೂಂಗಾ ಅಂತ ಉದ್ಯಾನ. ಪಿಬಿಎಸ್ 2013ರಲ್ಲಿ ಹೋದರು. ಎಸ್ಪಿಬಿ ಅವರ ಮನೆಯಂತೂ ನಮ್ಮ ನುಂಗಂಬಾಕ್ಕಂನ ಕಾಮ್ದಾರ್ ನಗರದಲ್ಲೇ. 2025ರಲ್ಲಿ ಅಲ್ಲಿಯ ರಸ್ತೆಗೆ ಅವರ ಹೆಸರಿಟ್ಟರು. ಆ ಕಡೆ ತರಕಾರಿಗೆ ಹೋದಾಗೆಲ್ಲ ಬೋರ್ಡು ನೋಡ್ತೀನಿ.

ಆದರೆ ರಾಯರ ವಾದಕ್ಕೆ ನನ್ನ ಹತ್ತಿರ ಉತ್ತರ ಇದೆ. ಪಿಬಿಎಸ್ ಆಗಲಿ ಎಸ್ಪಿಬಿ ಆಗಲಿ ಕೊಟ್ಟದ್ದು ದನಿಯನ್ನು. ಮಾತು ನಮ್ಮದಾಗಿಯೇ ಇತ್ತು. ಅವರಿಬ್ಬರೂ ಕನ್ನಡದ ಒಂದೊಂದು ಅಕ್ಷರವನ್ನೂ ಕಲಿತು ತೂಗಿ ಹಾಡಿದವರು, ‘ಳ’ ಮತ್ತು ‘ಲ’ ನಡುವೆ ನಮ್ಮ ಈಗಿನ ಎಷ್ಟೋ ಕನ್ನಡದ ಗಾಯಕರಿಗಿಂತ ಸ್ಪಷ್ಟ ವ್ಯತ್ಯಾಸ ತೋರಿಸಿದವರು. ತಮಿಳು ಡಬ್ಬಿಂಗಿನಲ್ಲಿ ಆಗೋದು ತಲೆಕೆಳಗು. ದನಿಯೂ ಹೋಗುತ್ತೆ, ಮಾತೂ ಹೋಗುತ್ತೆ, ಮುಖ ಮಾತ್ರ ಉಳಿಯುತ್ತೆ.

ಡಾಕ್ಟರಮ್ಮ ಇಬ್ಬರನ್ನೂ ಕೆಡವಲು ‘ಡೊಳ್ಳು’ ತೆಗೆದರು. ಆ ಚಿತ್ರಕ್ಕೆ ಅತ್ಯುತ್ತಮ ಕನ್ನಡ ಚಿತ್ರದ ಜೊತೆಗೆ ಲೊಕೇಶನ್ ಸೌಂಡ್ ರೆಕಾರ್ಡಿಂಗಿನ ರಾಷ್ಟ್ರಪ್ರಶಸ್ತಿಯೂ ಬಂದಿತ್ತು. ಶೂಟಿಂಗ್ ಜಾಗದಲ್ಲೇ ದನಿ ಹಿಡಿದ ಚಿತ್ರಗಳಿಗೆ ಕೊಡುವ ಪ್ರಶಸ್ತಿ ಅದು. ಪ್ರಕಟವಾದ ಮೇಲೆ ಚಿತ್ರದ ಸೌಂಡ್ ಡಿಸೈನರ್ ನಿತಿನ್ ಲೂಕೋಸ್ ಅವರೇ, ಇದು ಸಿಂಕ್ ಸೌಂಡ್ ಚಿತ್ರ ಅಲ್ಲ, ಡಬ್ ಮಾಡಿದ್ದು ಅಂದರು. ಆಸ್ಕರ್ ಪಡೆದ ರಸೂಲ್ ಪೂಕುಟ್ಟಿ ಅದನ್ನು ಎತ್ತಿ ಹೇಳಿದ ಮೇಲೆ ದೇಶಕ್ಕೆಲ್ಲ ಗೊತ್ತಾಯಿತು.

“ಅಲ್ರೀ, ಕನ್ನಡ ಸಿನಿಮಾನ ಸ್ಟುಡಿಯೋದಾಗ ಡಬ್ ಮಾಡಿದ್ರ ಪ್ರಶಸ್ತಿ ಕೊಟ್ಟವರಿಗೇ ಗೊತ್ತಾಗಂಗಿಲ್ಲ. ನೀವು ಇಲ್ಲಿ ಕುಂತು ನಿಯಮ ಮಾಡ್ಲಿಕತ್ತೀರಿ,” ಅಂತ ಡಾಕ್ಟರಮ್ಮ ನಕ್ಕರು. ಎಲ್ಲರೂ ನಕ್ಕೆವು.

ನಕ್ಕರೂ ನಾನು ಬಿಡಲಿಲ್ಲ. ‘ಡೊಳ್ಳು’ ಡಬ್ ಆದದ್ದು ಕನ್ನಡದಿಂದ ಕನ್ನಡಕ್ಕೆ. ಆ ಪ್ರಶಸ್ತಿ ಕೊಟ್ಟವರ ಕಿವಿಯ ಬಗ್ಗೆ ಏನು ಬೇಕಾದರೂ ಹೇಳಿ, ಸಾಗರ್ ಪುರಾಣಿಕ್ ಅವರ ಸಿನಿಮಾ ಬೀಳೋದಿಲ್ಲ. ಊರ ಡೊಳ್ಳಿನ ತಂಡದ ಹುಡುಗರು ಒಬ್ಬೊಬ್ಬರಾಗಿ ಬೆಂಗಳೂರಿಗೆ ಹೊರಟುಬಿಡ್ತಾರೆ, ಜಾತ್ರೆಗೆ ಬಾರಿಸೋರು ಯಾರು ಅನ್ನೋದು ಕಥೆ. ಊರಿನಲ್ಲಿ ಉಳಿದವನಿಗೆ ಡೊಳ್ಳು ದೇವರ ಕೆಲಸ, ಹೋದವರಿಗೆ ಹೊಟ್ಟೆ ಮುಖ್ಯ. ಊರು ಬಿಟ್ಟು ಬಂದು ಮೂವತ್ತು ಚಿಲ್ಲರೆ ವರ್ಷ ಆದ ನನಗೆ ಹೋದವರ ಮೇಲೆ ಸಿಟ್ಟು ಬರಿಸಲು ಸಿನಿಮಾ ಸ್ವಲ್ಪ ಜಾಸ್ತಿಯೇ ಕಷ್ಟಪಡುತ್ತೆ ಅನ್ನಿಸಿತು, ಅದಕ್ಕೆ ಆರು ಮಾರ್ಕ್ಸ್ ಕಟ್. ಉಳಿದದ್ದು ಫಸ್ಟ್ ಕ್ಲಾಸು. ಅರವತ್ತಾರು. ಕೊನೆ ಹೇಳಲ್ಲ, ನೋಡಿ.

ನಾಲ್ಕನೇ ನಿಯಮಕ್ಕೆ ನನ್ನ ಮುಖ್ಯ ಸಾಕ್ಷಿ ‘ಕಾಂತಾರ’. ನೆನಪಿದೆಯಾ, ಅದು ಸೆಪ್ಟೆಂಬರ್ 30ಕ್ಕೆ ಬಂದಾಗ ಕನ್ನಡದಲ್ಲಿ ಮಾತ್ರ ಇತ್ತು. ಹಿಂದಿಗೆ ಡಬ್ ಆಗಿ ಬಂದದ್ದು ಅಕ್ಟೋಬರ್ 14ಕ್ಕೆ, ತಮಿಳು, ತೆಲುಗು ಮಾರನೇ ದಿನ. ನಡುವೆ ಎರಡು ವಾರ ಈ ಊರಿನಲ್ಲಿ ‘ಕಾಂತಾರ’ ನೋಡಬೇಕಾದವರು ಕನ್ನಡದಲ್ಲೇ ನೋಡಬೇಕಿತ್ತು, ಕೆಳಗೆ ಇಂಗ್ಲಿಷ್ ಸಬ್‌ಟೈಟಲ್ ಇಟ್ಟುಕೊಂಡು. ನೋಡಿದರು! ನಾನು ಹೋದ ಆಟದಲ್ಲಿ ನನ್ನ ಎಡಕ್ಕೂ ಬಲಕ್ಕೂ ತಮಿಳು ಹುಡುಗರು. ಕೊನೆಯ ಇಪ್ಪತ್ತು ನಿಮಿಷ ಒಬ್ಬರೂ ಫೋನ್ ತೆಗೆಯಲಿಲ್ಲ. ದೀಪ ಹತ್ತಿದ ಮೇಲೆ ಪಕ್ಕದವನು ನನ್ನ ಕಡೆ ತಿರುಗಿ, ಇದು ಯಾವ ಊರ ಕನ್ನಡ, ನಮ್ಮ ಆಫೀಸಿನ ಬೆಂಗಳೂರು ಹುಡುಗರು ಹೀಗೆ ಮಾತಾಡಲ್ಲವಲ್ಲ ಅಂತ ತಮಿಳಿನಲ್ಲಿ ಕೇಳಿದ. ಕನ್ನಡದಲ್ಲಿ ಎರಡು ಮೂರು ಬಗೆ ಇದೆ ಅಂತ ಅವನಿಗೆ ಸಬ್‌ಟೈಟಲ್ ಹೇಳಿರಲಿಲ್ಲ, ಕಿವಿ ಹೇಳಿತ್ತು. ಎರಡು ವಾರ ಕಳೆದು ತಮಿಳಿನಲ್ಲಿ ನೋಡಿದವನು ಆ ಪ್ರಶ್ನೆ ಕೇಳುವ ಹಾಗೇ ಇರಲಿಲ್ಲ.

ನನಗೇ, ತಿಪಟೂರಿನವನಿಗೆ, ಅರ್ಧ ಮಾತು ಶೆಟ್ರ ಸಹಾಯ ಇಲ್ಲದೆ ಸಿಗಲಿಲ್ಲ. ಶಿವನ ಅಮ್ಮ ಕಮಲ (ಮಾನಸಿ ಸುಧೀರ್ ಅವರ ಪಾತ್ರ) ಮಗನಿಗೆ ಬೈಯೋಕೆ ಶುರು ಮಾಡಿದಾಗೆಲ್ಲ ಶೆಟ್ರು ಕುರ್ಚಿಯಲ್ಲಿ ಹೊರಳಾಡಿ ನಕ್ಕಿದ್ದರಂತೆ. “ಹ್ವಾಯ್, ನಮ್ಮ ಬದಿಯಂಗೆ ಅಬ್ಬಿ ಬೈದ್ರೆ ಹೀಂಗೇ ಇಪ್ಪುದ್ ಮಾರಾಯ್ರೇ” ಅಂದರು. ಆಮೇಲೆ ಅವರ ಹೋಟೆಲಿನ ಹುಡುಗರ ಜೊತೆ ಇನ್ನೊಂದು ಸಲ ತಮಿಳಿನಲ್ಲೂ ನೋಡಿದರು, ಅದು ಅವರ ದುಡ್ಡು. ಬಂದು ಹೇಳಿದ್ದು ಇಷ್ಟು: ಬೈಗುಳ ಎಲ್ಲ ಸರಿಯಾಗೇ ಇತ್ತು, ಆದರೆ ಬೈದದ್ದು ಬೇರೆ ಯಾರದೋ ಅಮ್ಮ. ನನ್ನ ವಾದ ಪೂರ್ತಿ ಇದರಲ್ಲೇ ಇದೆ. ಡಬ್ಬಿಂಗ್ ಕೆಟ್ಟದಾಗಿ ಮಾಡಿದ್ದರು ಅಂತ ಅಲ್ಲ. ಚೆನ್ನಾಗಿ ಮಾಡಿದರೂ ಆ ಊರು ಹೋಗಿ ಯಾವುದೋ ಒಂದು ಹಳ್ಳಿ ಆಗಿಬಿಡುತ್ತೆ. ಆ ಊರಿಗೆ ಹಾಕಬೇಕಾದ ಮಾರ್ಕ್ಸನ್ನು ತಮಿಳಿನಲ್ಲಿ ನೋಡಿದವರು ಹೇಗೆ ಹಾಕ್ತಾರೆ?

ನಾನು ಡಬ್ಬಿಂಗ್ ವಿರೋಧಿ ಅಂತ ತಿಳೀಬೇಡಿ. ಕರ್ನಾಟಕದಲ್ಲಿ ಬೇರೆ ಭಾಷೆಯದ್ದು ಕನ್ನಡಕ್ಕೆ ಡಬ್ ಆಗಬಾರದು ಅಂತ ದಶಕಗಟ್ಟಲೆ ತಡೆ ಹಾಕಿದ್ದರಲ್ಲ, 2015ರಲ್ಲಿ ಕಾಂಪಿಟಿಶನ್ ಕಮಿಷನ್ ಫಿಲಂ ಚೇಂಬರ್ ಮತ್ತಿತರರಿಗೆ ದಂಡ ಹಾಕುವ ತನಕ, ಅದು ಅತಿ ಅಂತಲೇ ನನ್ನ ಅಭಿಪ್ರಾಯ. ಜಗತ್ತಿನದ್ದೆಲ್ಲ ಕನ್ನಡದಲ್ಲಿ ಸಿಗಲಿ. ನಮ್ಮದೂ ಎಲ್ಲ ಭಾಷೆಗೆ ಹೋಗಲಿ. ಆದರೆ ಕನ್ನಡ ಬರುವ ನಾನು ಕನ್ನಡ ಸಿನಿಮಾವನ್ನು ತಮಿಳಿನಲ್ಲಿ ನೋಡಿದರೆ ಅದು ಅನುಕೂಲ ಅಷ್ಟೇ. ಆ ಅನುಕೂಲಕ್ಕೆ ಒಂದು ಬೆಲೆ ಇದೆ, ಮತ್ತು ಆ ಬೆಲೆ ಥಿಯೇಟರಿನ ಲೆಕ್ಕದಲ್ಲಿ ಕಾಣುತ್ತೆ.

ಹೇಗೆ ಅಂತೀರಾ? ಟಿಕೆಟ್ ಆ್ಯಪ್ ತೆಗೆಯಿರಿ. ಒಂದೇ ಸಿನಿಮಾದ ಕನ್ನಡ ಆಟ ಬೇರೆ ಸಾಲು, ತಮಿಳು ಆಟ ಬೇರೆ ಸಾಲು. ಶುಕ್ರವಾರದಿಂದ ಭಾನುವಾರದ ತನಕ ಯಾವ ಸಾಲಿನಲ್ಲಿ ಎಷ್ಟು ಸೀಟು ತುಂಬಿತು ಅನ್ನೋದರ ಮೇಲೆ ಮುಂದಿನ ವಾರ ನಿರ್ಧಾರ. ಕನ್ನಡದ ಸಾಲಿನಲ್ಲಿ ಹದಿನೆಂಟು ಜನ ಕೂತಿದ್ದರೆ, ಹೊರಗೆ ಈ ಊರಿನಲ್ಲಿ ಎಷ್ಟು ಸಾವಿರ ಕನ್ನಡಿಗರಿದ್ದರೂ ಥಿಯೇಟರಿನವರ ಪಾಲಿಗೆ ನಾವು ಹದಿನೆಂಟು ಜನ. ನಾವೆಲ್ಲ ಪಕ್ಕದ ತೆರೆಯಲ್ಲಿ ತಮಿಳಿನಲ್ಲಿ ಅದೇ ಸಿನಿಮಾ ನೋಡ್ತಾ ಇದ್ದೆವು ಅಂತ ಅವರಿಗೆ ಹೇಗೆ ಗೊತ್ತಾಗಬೇಕು? ದೊಡ್ಡ ಸಿನಿಮಾಕ್ಕೆ ಇದರಿಂದ ನಷ್ಟ ಇಲ್ಲ, ಎರಡೂ ಸಾಲಿನ ದುಡ್ಡು ಅದಕ್ಕೇ. ಪೆಟ್ಟು ಬೀಳೋದು ಅದರ ಹಿಂದೆ ಬರುವ ಚಿಕ್ಕದಕ್ಕೆ. ಅದು ತಮಿಳಿಗೆ ಡಬ್ ಆಗೋದಿಲ್ಲ, ಕನ್ನಡದ ಆಟ ಕೊಡಿ ಅಂತ ಕೇಳಿದರೆ ‘ನಿಮ್ಮವರು ಬರಲ್ಲ’ ಅಂತ ಹದಿನೆಂಟರ ಲೆಕ್ಕ ತೋರಿಸ್ತಾರೆ.

2022ರಲ್ಲಿ ಬಂದ ಕನ್ನಡ ಚಿತ್ರಗಳು ಇನ್ನೂರರ ಆಸುಪಾಸು. ನಮ್ಮ ಗುಂಪಿನಲ್ಲಿ ಕನಿಷ್ಠ ಮೂವರು ನೋಡಿದ್ದು ಹತ್ತೊಂಬತ್ತು, ಅದರಲ್ಲಿ ಇಲ್ಲಿಯ ಥಿಯೇಟರಿನಲ್ಲಿ ನೋಡಿದ್ದು ಎಂಟು. ಉಳಿದದ್ದು ಊರಿಗೆ ಹೋದಾಗ, ಇಲ್ಲವೇ ಮನೆಯ ಟಿವಿಯಲ್ಲಿ. ಹಾಗಾಗಿ ನಮ್ಮ ಮಾರ್ಕ್ಸ್ ಕಾರ್ಡಿನಲ್ಲಿ ಗೈರುಹಾಜರಿ ಅಂತ ಒಂದು ದೊಡ್ಡ ಕಲಂ. ‘ಕಂಬ್ಳಿಹುಳ’, ‘ಮಾನ್ಸೂನ್ ರಾಗ’, ‘ಧರಣಿ ಮಂಡಲ ಮಧ್ಯದೊಳಗೆ’ ಎಲ್ಲ ಅವತ್ತು ಅಲ್ಲೇ ಇದ್ದವು. ಪರೀಕ್ಷೆಗೆ ಬಾರದವರು ಅವರೋ ನಾವೋ ಅನ್ನೋದು ಮೇಷ್ಟ್ರ ಪ್ರಶ್ನೆ. ಅವರ ಮಟ್ಟಿಗೆ ವರ್ಷದ ಹತ್ತು ಅತ್ಯುತ್ತಮ ಅಂತ ಯಾರೇ ಪಟ್ಟಿ ಮಾಡಿದರೂ ಮೊದಲು ಎಷ್ಟು ನೋಡಿಲ್ಲ ಅಂತ ಹೇಳಬೇಕು. ಫಿಸಿಕ್ಸಿನವರು, ಎಲ್ಲದಕ್ಕೂ ಎರರ್ ಎಷ್ಟು ಅಂತ ಕೇಳ್ತಾರೆ. ಈ ಮಾತು ಮಾತ್ರ ನನಗೆ ಒಪ್ಪಿಗೆ.

ಎಲ್ಲಕ್ಕಿಂತ ಕಷ್ಟ ಆದದ್ದು ಅಪ್ಪು ಸಿನಿಮಾಗಳಿಗೆ. ಹುಟ್ಟಿದ್ದು ಇದೇ ಚೆನ್ನೈಯಲ್ಲಿ, 1975ರ ಮಾರ್ಚ್ 17. ‘ಜೇಮ್ಸ್’ ಬಂದದ್ದು 2022ರ ಮಾರ್ಚ್ 17ಕ್ಕೆ, ಅವರು ಹೋಗಿ ಇನ್ನೂ ಐದು ತಿಂಗಳಾಗಿರಲಿಲ್ಲ. ಡಬ್ಬಿಂಗ್ ಮುಗಿಸಿರಲಿಲ್ಲವಾದ್ದರಿಂದ ಮುಖ ಅಪ್ಪು, ದನಿ ಶಿವಣ್ಣ. ಏಪ್ರಿಲ್ 22ರಿಂದ ತಂತ್ರಜ್ಞಾನದ ನೆರವಿನಿಂದ ಅಪ್ಪು ದನಿಯನ್ನೇ ಕೂರಿಸಿದ ಪ್ರತಿ ಬಂತು. ಯಾವುದಕ್ಕೆ ಮಾರ್ಕ್ಸ್? ಕನ್ನಡದಲ್ಲೇ ಎರಡು ಉತ್ತರಪತ್ರಿಕೆ! ನಮ್ಮನೆಯವಳು ಮೊದಲನೆಯದನ್ನೇ ಒಪ್ಪಿಕೊಂಡಳು. ತಮ್ಮನ ಬಾಯಿಗೆ ಅಣ್ಣ ಮಾತು ಕೊಟ್ಟದ್ದನ್ನು ಯಾವ ಮಿಷನ್ನೂ ಸರಿ ಮಾಡಬೇಕಾಗಿಲ್ಲ ಅಂದಳು. ಸಿನಿಮಾ ಸಾಧಾರಣ, ಅದರಲ್ಲಿ ಯಾರಿಗೂ ಅನುಮಾನ ಇಲ್ಲ. ಫಲಿತಾಂಶ ತಡೆಹಿಡಿಯಲಾಗಿದೆ ಅಂತ ಬರೆದು ಬಿಟ್ಟೆವು.

‘ಗಂಧದ ಗುಡಿ’ಗೂ ಹಾಗೇ ಬರೆಯೋಣ ಅಂದರು. ನಾನು ಒಪ್ಪಲಿಲ್ಲ. ಅಮೋಘವರ್ಷ ಮಾಡಿದ ಆ ಸಾಕ್ಷ್ಯಚಿತ್ರ 2022ರ ಅಕ್ಟೋಬರ್ 28ಕ್ಕೆ ಬಂದಾಗ ಥಿಯೇಟರಿನಲ್ಲಿ ಅತ್ತವರನ್ನು ನೋಡಿದ್ದೇನೆ, ಸರಿ. ಆದರೆ ಅದು ಅಳುವುದಕ್ಕಾಗಿ ಮಾಡಿದ ಸಿನಿಮಾ ಅಲ್ಲ. ಹೀರೋ ವೇಷ ತೆಗೆದಿಟ್ಟು ಕಾಡಿನಲ್ಲಿ ನಡೆಯುವ ನಡುವಯಸ್ಸಿನ ಒಬ್ಬ ಮನುಷ್ಯ, ಭಯ ಆದರೆ ಭಯ ಅಂತಾನೆ, ಗೊತ್ತಿಲ್ಲದ್ದನ್ನು ಕೇಳ್ತಾನೆ. ನಮ್ಮ ಯಾವ ಸ್ಟಾರ್ ಇಷ್ಟು ಧೈರ್ಯ ಮಾಡಿದ್ದಾರೆ? ದುಃಖಕ್ಕೆ ಗ್ರೇಸ್ ಮಾರ್ಕ್ಸ್ ಬೇಡ, ಮಾಡಿದ ಕೆಲಸಕ್ಕೇ ಎಪ್ಪತ್ತೆರಡು ಕೊಟ್ಟೆ. ನಾನೊಬ್ಬನೇ ಕೊಟ್ಟದ್ದು, ಇರಲಿ.

‘ಕೆಜಿಎಫ್ 2’ ಐವತ್ತೆಂಟಕ್ಕೆ ನಿಂತಿತು. 2024ರ ಆಗಸ್ಟ್ 16ರಂದು ಅದಕ್ಕೆ ಅತ್ಯುತ್ತಮ ಕನ್ನಡ ಚಿತ್ರ ಅಂತ ಪ್ರಕಟವಾದಾಗ ರಾಯರು ಫೋನ್ ಮಾಡಿ, ನಿಮ್ಮ ಸೆಕೆಂಡ್ ಕ್ಲಾಸ್ ಹುಡುಗ ರ‍್ಯಾಂಕ್ ಬಂದ ಅಂತ ಛೇಡಿಸಿದ್ದರು. ಸಾಹಸ ನಿರ್ದೇಶನಕ್ಕೆ ಅನ್ಬರಿವ್ ಜೋಡಿಗೆ ಬಂದದ್ದು ನ್ಯಾಯ. ಭುವನ್ ಗೌಡರ ಕ್ಯಾಮೆರಾ, ಉಜ್ವಲ್ ಕುಲಕರ್ಣಿಯ ಎಡಿಟಿಂಗು, ರವಿ ಬಸ್ರೂರು ಅಬ್ಬರ ಎಲ್ಲ ಸರಿ. ಆದರೆ ಭಾಷೆಯ ಹೆಸರಿನಲ್ಲಿ ಕೊಡುವ ಪ್ರಶಸ್ತಿಗೆ ಆ ಸಿನಿಮಾದ ಕನ್ನಡ ಯಾವ ಊರಿನದ್ದು ಅಂತ ಕೇಳಿ, ಉತ್ತರ ಸಿಗಲ್ಲ. ಮೊದಲ ಭಾಗದಲ್ಲಿ ಕಥೆ ಹೇಳುವ ಅನಂತ್‌ನಾಗ್ ಅವರ ದನಿಯಲ್ಲಿ ಒಂದು ಮನೆ ಇತ್ತು. ಎರಡನೆಯದರಲ್ಲಿ ಅವರಿಲ್ಲ, ಪ್ರಕಾಶ್ ರಾಜ್ ಇದ್ದಾರೆ. ಒಳ್ಳೇ ನಟ, ದನಿಯೂ ಚೆನ್ನ, ಆದರೂ ನನಗೆ ಆ ಮನೆ ಖಾಲಿಯಾದ ಹಾಗಾಯ್ತು. ಅದೇ ದಿನ ರಿಷಬ್ ಶೆಟ್ಟಿಗೆ ‘ಕಾಂತಾರ’ಕ್ಕಾಗಿ ಅತ್ಯುತ್ತಮ ನಟ ಪ್ರಶಸ್ತಿ ಬಂತು, ಅದರಲ್ಲಿ ಮಾತ್ರ ನಾವು ಏಳೂ ಜನ ಸರ್ಕಾರದ ಜೊತೆ. ನಮ್ಮಲ್ಲಿ ‘ಕಾಂತಾರ’ ಎಂಬತ್ತೊಂದು. ಡಿಸ್ಟಿಂಕ್ಷನ್ ಯಾಕಿಲ್ಲ ಅಂದ್ರೆ ಲೀಲಾ ಪಾತ್ರ. ಫಾರೆಸ್ಟ್ ಗಾರ್ಡ್ ಹುಡುಗಿಯನ್ನು ನಾಯಕ ಚಿವುಟಿ ಒಲಿಸಿಕೊಳ್ಳುವ ಸೀನಿಗೆ ಡಾಕ್ಟರಮ್ಮ ಹತ್ತು ಕಳೆದರು, ಒಂದೂ ವಾಪಸ್ ಕೊಡಲಿಲ್ಲ. ‘777 ಚಾರ್ಲಿ’ ಅರವತ್ತೆಂಟು. ಕಾಸರಗೋಡಿನ ಕಿರಣ್‌ರಾಜ್ ಮಾಡಿದ್ದು ಅಂತ ಶೆಟ್ರು ಎರಡು ಜಾಸ್ತಿ ಹಾಕಿದ್ದಾರೆ ಅಂತ ನನ್ನ ಗುಮಾನಿ.

ಹುಡುಗನ ವಿಚಾರಕ್ಕೆ ಬಂದರೆ, ಅರ್ಧ ಓಟು ಕೊಡೋಣ ಅಂತ ರಾಯರು ರಾಜಿ ತಂದರು. ನಾನು ಬೇಡ ಅಂದೆ. ಅರ್ಧ ಓಟು ಅಂದ್ರೆ ಅರ್ಧ ಕನ್ನಡಿಗ ಅಂದ ಹಾಗೇ ಆಗುತ್ತೆ, ಅದು ಇನ್ನೂ ಕೆಟ್ಟದ್ದು. ಚೀಟಿ ಹಾಕಿ ನೋಡಿದೆವು, ನಿಯಮ ನಾಲ್ಕು-ಮೂರರಲ್ಲಿ ಉಳಿಯಿತು. ಈಗ ನಿಯಮ ಉಳಿಸಿಕೊಳ್ಳೋದು ಹಿಂದಿಗಿಂತ ಕಷ್ಟ ಅನ್ನೋದೂ ನಿಜ. 2025ರ ಅಕ್ಟೋಬರ್ 2ಕ್ಕೆ ಬಂದ ‘ಕಾಂತಾರ ಚಾಪ್ಟರ್ 1’ ಮೊದಲ ದಿನದಿಂದಲೇ ತಮಿಳಿನಲ್ಲೂ ಇತ್ತು, 2022ರ ಆ ಎರಡು ವಾರ ಈ ಸಲ ಸಿಗಲಿಲ್ಲ. ಅದಕ್ಕೆ ಮುಂಚೆ ಜುಲೈ 25ಕ್ಕೆ ಮಂಜೇಶ್ವರ ಕಡೆಯ ಜೆ.ಪಿ. ತುಮಿನಾಡು ಅವರ ‘ಸು ಫ್ರಮ್ ಸೋ’ ಬಂದಾಗ ಮಾತ್ರ ಮತ್ತೆ ಕನ್ನಡವೇ ಮೊದಲು. ಅದಕ್ಕೆ ಹುಡುಗ ತಾನೇ ಇಪ್ಪತ್ತಾರು ಟಿಕೆಟ್ ಬುಕ್ ಮಾಡಿದ್ದ, ಓಎಂಆರ್‌ನ ಅವನ ಆಫೀಸಿನ ಕನ್ನಡದವರನ್ನೆಲ್ಲ ಸೇರಿಸಿ. ಹೊಸೂರಿನಿಂದ ಅವರಮ್ಮನೂ ಬಂದಿದ್ದರು. ಟೈಟಲ್ ಕಾರ್ಡುಗಳನ್ನು ಅವನಿಗೆ ಓದಿ ಹೇಳಿದ್ದು ನಮ್ಮ ರಾಯರು, ಗಟ್ಟಿಯಾಗಿ, ಹಿಂದಿನ ಸಾಲಿನವರು ಶ್ ಅನ್ನುವ ತನಕ.

ಮುಂದಿನ ಮರುಮೌಲ್ಯಮಾಪನ 2023ರದ್ದು. ‘ಸಪ್ತ ಸಾಗರದಾಚೆ ಎಲ್ಲೋ’ ಸೆಪ್ಟೆಂಬರಿನಲ್ಲಿ ಸೈಡ್ ಎ, ನವೆಂಬರಿನಲ್ಲಿ ಸೈಡ್ ಬಿ. ಒಂದು ಸಿನಿಮಾ ಅಂತ ಒಂದೇ ಮಾರ್ಕ್ಸೋ, ಎರಡು ಅಂತ ಬೇರೆ ಬೇರೆಯೋ? ರಾಯರು ಈಗಲೇ ಒಂದು ಅಂತಿದ್ದಾರೆ. ಶೆಟ್ರು, ಎರಡು ಸಲ ಟಿಕೆಟ್ ತಗೊಂಡಿದ್ದೇನೆ ಮಾರಾಯ್ರೇ, ಎರಡೇ ಅಂತಿದ್ದಾರೆ. ನೀವೇನಂತೀರಿ?